ಸೈನಿಕರ ವೈಯಕ್ತಿಕ ಪ್ರಥಮ ಚಿಕಿತ್ಸಾ ಕಿಟ್

ಸೈನಿಕರ ವೈಯಕ್ತಿಕ ಪ್ರಥಮ ಚಿಕಿತ್ಸಾ ಕಿಟ್ ಎಂಬುದು ರಣರಂಗದಲ್ಲಿ ಪ್ರತಿಯೊಬ್ಬ ಯೋಧನು ಜೊತೆಯಲ್ಲಿ ಒಯ್ಯುವ ಚಿಕ್ಕ ಚೀಲ. ವೈದ್ಯಕೀಯ ನೆರವು ದೊರೆಯುವವರೆಗೆ ಗಾಯಾಳುವಿನ ಜೀವ ಉಳಿಸುವುದು ಇದರ ಉದ್ದೇಶ. 2001ರಿಂದ 2011ರವರೆಗಿನ ಅಮೆರಿಕದ ಯೋಧರ ಮರಣಗಳ ಅಧ್ಯಯನದ ಪ್ರಕಾರ, ಆಸ್ಪತ್ರೆ ತಲುಪುವ ಮುನ್ನ ಸಂಭವಿಸಿದ, ತಪ್ಪಿಸಬಹುದಾಗಿದ್ದ ಸಾವುಗಳಲ್ಲಿ ಸುಮಾರು ಶೇ. 90ಕ್ಕೆ ರಕ್ತಸ್ರಾವವೇ ಕಾರಣ. ಆದ್ದರಿಂದ ಕೈಕಾಲುಗಳ ರಕ್ತಸ್ರಾವ ತಡೆಯುವ ಟೂರ್ನಿಕೆಟ್, ಒತ್ತಡದ ಬ್ಯಾಂಡೇಜು ಹಾಗೂ ಗಾಯದೊಳಗೆ ತುಂಬುವ ಗಾಜ್ ಬಟ್ಟೆ ಕಿಟ್‌ನ ಮುಖ್ಯ ಸಾಮಗ್ರಿಗಳಾಗಿವೆ. ಎದೆಯ ಗಾಯ ಮುಚ್ಚುವ ಪಟ್ಟಿ, ಉಸಿರಾಟಕ್ಕೆ ನೆರವಾಗುವ ಮೂಗಿನ ನಳಿಕೆ ಮತ್ತು ಕೈಗವಸುಗಳೂ ಇರುತ್ತವೆ. ಟೂರ್ನಿಕೆಟ್ ಬಿಗಿದ ಸಮಯವನ್ನು ಬರೆದಿಡುವುದು ಕಡ್ಡಾಯ. ನೆರವಿಗೆ ಬಂದವರು ಮೊದಲು ಗಾಯಾಳುವಿನ ಕಿಟ್ಟನ್ನೇ ಬಳಸುತ್ತಾರೆ. ತಮ್ಮದನ್ನು ತಮಗಾಗಿ ಉಳಿಸಿಕೊಳ್ಳುತ್ತಾರೆ. ಬೆಂಗಳೂರಿನ ಆಕ್ಸಿಯೊ ಬಯೋಸೊಲ್ಯೂಷನ್ಸ್ ಸಂಸ್ಥೆಯ ರಕ್ತಸ್ರಾವ ನಿಲ್ಲಿಸುವ ‘ಆಕ್ಸಿಯೋಸ್ಟ್ಯಾಟ್’ ಪಟ್ಟಿಯನ್ನು ಭಾರತೀಯ ಸೇನೆ ಬಳಸಿದೆ.