ಜರಡಿಯ ಕಣ್ಣು

ಸ್ಕಾಲರ್‌ಶಿಪ್ ಅರ್ಜಿಗೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬೆಳೆದವರು ನಾವು. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು, ಅಪ್ಪ ಇದ್ದಾನೋ ಸತ್ತಿದ್ದಾನೋ ಅನ್ನೋದಕ್ಕೆ ಇನ್ನೊಂದು ಕಾಗದ. ಕಿಟಕಿಯಾಚೆ ಕೂತ ಗುಮಾಸ್ತ 'ಇದು ಸರಿ ಇಲ್ಲ, ನಾಳೆ ಬಾ' ಅಂದನೆಂದರೆ ಅವ್ವನ ಒಂದು ದಿನದ ಕೂಲಿ ಹೋಯಿತು. ದುಡ್ಡು ಬರೋ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತಿತ್ತು. ಅದು ಭಿಕ್ಷೆಯೋ ಹಕ್ಕೋ ಅಂತ ಕೇಳೋ ಧೈರ್ಯ ಆಗ ನಮಗಿರಲಿಲ್ಲ. ಈ ಪ್ರಶ್ನೆಯನ್ನ ಅಮೆರಿಕದ ಕಪ್ಪು ತಾಯಂದಿರು 1960ರ ದಶಕದಲ್ಲೇ ಬೀದಿಗೆ ತಂದಿದ್ದರು ಅಂತ ತಿಳಿದದ್ದು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಲೈಬ್ರರಿಯಲ್ಲಿ ಕೂತಾಗ. ನಮ್ಮ ಪಠ್ಯದಲ್ಲಿ ಆ ಚರಿತ್ರೆ ಇರಲಿಲ್ಲ. ಅದನ್ನ ಇಲ್ಲಿ ಬರೆಯುತ್ತಿದ್ದೇವೆ.

1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಸಾಮಾಜಿಕ ಭದ್ರತೆಯ ಕಾಯಿದೆ ತಂದಿತು. ಅದರ ಒಂದು ಮೂಲೆಯಲ್ಲಿ, ಅಪ್ಪ ಸತ್ತ ಅಥವಾ ಬಿಟ್ಟುಹೋದ ಮಕ್ಕಳಿಗೆ ತಿಂಗಳ ಸಹಾಯಧನ ಇತ್ತು. ಮೊದಲ ಮಗುವಿಗೆ 18 ಡಾಲರು, ಆಮೇಲಿನ ಮಕ್ಕಳಿಗೆ ತಲಾ 12. ಅಷ್ಟರವರೆಗೆ ರಾಜ್ಯ ಕೊಟ್ಟರೆ ಮೂರನೇ ಒಂದು ಪಾಲನ್ನ ಕೇಂದ್ರ ತುಂಬಿಕೊಡುತ್ತಿತ್ತು. ಮಕ್ಕಳನ್ನ ಸಾಕೋ ತಾಯಿಯ ಹೊಟ್ಟೆಗೆ ಕೇಂದ್ರದಿಂದ ಒಂದು ಕಾಸೂ ಇಲ್ಲ. ಅದು ಬಂದದ್ದು 1950ರಲ್ಲಿ. ಅಲ್ಲಿಯವರೆಗೆ ಆ ತಾಯಿ ಗಾಳಿ ಕುಡಿದು ಬದುಕಬೇಕಿತ್ತು ಅಂತ ಕಾಣುತ್ತೆ.

ಆರೋಗ್ಯದಿಂದ, ಮರ್ಯಾದೆಯಿಂದ ಬದುಕಲು ಸಾಲುವಷ್ಟು ಕೊಡಬೇಕು ಅನ್ನೋ ಮಾತು ಕರಡಿನಲ್ಲಿತ್ತು. ದಕ್ಷಿಣದ ಬಿಳಿ ಪ್ರತಿನಿಧಿಗಳು ಅದನ್ನ ಹೊಡೆಸಿಹಾಕಿದರು. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಅನ್ನೋದು ರಾಜ್ಯಗಳ ಮರ್ಜಿಗೆ ಬಿತ್ತು. ಯಾಕೆ ಅಂತ ನಮ್ಮ ಹಟ್ಟಿಯ ಯಾವ ಕೂಲಿಯವನನ್ನ ಕೇಳಿದರೂ ಹೇಳುತ್ತಾನೆ. ಮಕ್ಕಳ ಹೆಸರಲ್ಲಿ ಮನೆಗೆ ರೊಕ್ಕ ಬಂದರೆ ಧಣಿ ಹೇಳಿದ ಕೂಲಿಗೆ ಹತ್ತಿ ಬಿಡಿಸೋಕೆ ಬರೋರು ಯಾರು? ಅದೇ ಕಾಯಿದೆಯ ವೃದ್ಧಾಪ್ಯ ವಿಮೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಬಣ್ಣದ ಹೆಸರನ್ನ ಎಲ್ಲೂ ಎತ್ತಲಿಲ್ಲ. ಎತ್ತೋ ಅಗತ್ಯವೂ ಇರಲಿಲ್ಲ, ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದುದೇ ಆ ಎರಡು ಕೆಲಸ. ವಕೀಲ ಚಾರ್ಲ್ಸ್ ಹ್ಯೂಸ್ಟನ್ ಸೆನೆಟ್ ಸಮಿತಿಯ ಮುಂದೆ ನಿಂತು, ಈ ಮಸೂದೆ ಒಂದು ಜರಡಿ, ಕಪ್ಪು ಜನ ಉದುರಿಹೋಗುವಷ್ಟೇ ಅಗಲಕ್ಕೆ ಇದರ ಕಣ್ಣು ಕೊರೆದಿದ್ದೀರಿ ಅನ್ನೋ ಅರ್ಥದ ಮಾತಾಡಿದ. ರಾಗಿ ಜರಡಿ ಹಿಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆಮೇಲಿನ ಮೂವತ್ತು ವರ್ಷದ ಕತೆ ಅಂದರೆ ಆ ಕಣ್ಣುಗಳನ್ನ ಒಂದೊಂದಾಗಿ ಕೊರೆದ ಕತೆ. 1943ರಲ್ಲಿ ಲೂಸಿಯಾನ ರಾಜ್ಯ ಹತ್ತಿ ಬಿಡಿಸೋ ಕಾಲಕ್ಕೆ ತಾಯಂದಿರ ಸಹಾಯಧನ ನಿಲ್ಲಿಸೋ ನಿಯಮ ಮಾಡಿತು. 1960ರಲ್ಲಿ ಅದೇ ರಾಜ್ಯ 'ಯೋಗ್ಯವಾದ ಮನೆ' ಅನ್ನೋ ನೆಪ ಹಿಡಿದು, ಮದುವೆಯಾಗದೆ ಹೆತ್ತ ತಾಯಂದಿರ ಮನೆಗಳ ಸುಮಾರು 23,000 ಮಕ್ಕಳ ಹೆಸರು ಹೊಡೆದುಹಾಕಿತು. ಬಹುತೇಕ ಎಲ್ಲವೂ ಕಪ್ಪು ಮಕ್ಕಳು. ಆಗ ಅಲ್ಲಿನ ಗವರ್ನರು ಜಿಮ್ಮಿ ಡೇವಿಸ್. ಇವನು ದೇಶಕ್ಕೆಲ್ಲ ಹೆಸರಾದ ಹಾಡುಗಾರ ಕೂಡ. ಹಾಡೋ ಬಾಯೇ ಅನ್ನ ಕಸಿಯೋದನ್ನ ನಾವು ಇಲ್ಲೂ ಕಂಡಿದ್ದೇವೆ, ಬಿಡಿ.

ಅಲಬಾಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಾಯಿಯ ಬಳಿ ಯಾವನಾದರೂ ಗಂಡಸು ಬಂದುಹೋಗುತ್ತಿದ್ದರೆ ಅವನೇ ಮಕ್ಕಳಿಗೆ 'ಬದಲಿ ಅಪ್ಪ', ಆದ್ದರಿಂದ ಸಹಾಯ ಬಂದ್. ಇದು 1964ರ ನಿಯಮ. ಅವನು ಆ ಮಕ್ಕಳಿಗೆ ಒಂದು ತುತ್ತು ಹಾಕದಿದ್ದರೂ ಸರಿ. 1967ರ ಜನವರಿ ಹೊತ್ತಿಗೆ ಆ ರಾಜ್ಯದ ಪಟ್ಟಿಯಲ್ಲಿ ಸುಮಾರು 16,000 ಮಕ್ಕಳು ಕಡಿಮೆಯಾಗಿದ್ದರು. ಇಂಥ ನಿಯಮಗಳಿದ್ದ ಕಡೆ ಅಧಿಕಾರಿಗಳು ನಡುರಾತ್ರಿ ಬಾಗಿಲು ಬಡಿದು, ಒಳಗೆ ಗಂಡಸಿದ್ದಾನೋ ಅಂತ ಹುಡುಕುತ್ತಿದ್ದದ್ದೂ ಉಂಟು.

ಮತದಾನದ ಹಕ್ಕಿಗಾಗಿ 1965ರಲ್ಲಿ ಕಪ್ಪು ಜನ ಲಾಠಿ ಏಟು ತಿಂದ ಸೆಲ್ಮಾ ಪಟ್ಟಣ ಇದೇ ಅಲಬಾಮದ ಡಲ್ಲಾಸ್ ಕೌಂಟಿಯಲ್ಲಿದೆ. ಅದೇ ಕೌಂಟಿಯ ಒಬ್ಬ ತಾಯಿ ನಾಲ್ಕು ಮಕ್ಕಳ ಜೊತೆ ಬದುಕುತ್ತಿದ್ದಳು. ಮೂರು ಮಕ್ಕಳ ಅಪ್ಪ 1955ರಲ್ಲೇ ಸತ್ತಿದ್ದ. ಆಕೆ ಬೆಳಗಿನ ಜಾವ ಮೂರೂವರೆಯಿಂದ ಮಧ್ಯಾಹ್ನ ಹನ್ನೆರಡರವರೆಗೆ ಅಡುಗೆ ಮಾಡಿ, ಬಡಿಸಿ, ವಾರಕ್ಕೆ 16ರಿಂದ 20 ಡಾಲರು ತರುತ್ತಿದ್ದಳು. ವಾರದ ಕೊನೆಗೆ ಒಬ್ಬ ಗಂಡಸು ಬರುತ್ತಾನೆ ಅಂತ 1966ರ ಅಕ್ಟೋಬರಿನಲ್ಲಿ ನಾಲ್ಕೂ ಮಕ್ಕಳ ಸಹಾಯಧನ ಕಿತ್ತುಕೊಂಡರು. ಅವನಿಗೋ ಹೆಂಡತಿ ಇದ್ದಳು, ಅವನದೇ ಒಂಬತ್ತು ಮಕ್ಕಳಿದ್ದವು. ಆಕೆ ಕೋರ್ಟಿಗೆ ಹೋದಳು. ಆ ಮೊಕದ್ದಮೆಯ ಹೆಸರು 'ಕಿಂಗ್ ವಿರುದ್ಧ ಸ್ಮಿತ್'. ಈ ಕಿಂಗ್ ನಮ್ಮ ಮಾರ್ಟಿನ್ ಲೂಥರ್ ಅಂದುಕೊಳ್ಳಬೇಡಿ, ರಾಜ್ಯದ ಕಲ್ಯಾಣ ಇಲಾಖೆಯ ಕಮಿಷನರು. ಸಾಕುವ ಹೊಣೆಯೇ ಇಲ್ಲದವನನ್ನ ಅಪ್ಪ ಅಂತ ಲೆಕ್ಕಹಾಕಿ ಮಕ್ಕಳ ಪಾಲು ಕಸಿಯುವಂತಿಲ್ಲ ಅಂತ 1968ರ ಜೂನಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದ ತೀರ್ಪು ಕೊಟ್ಟಿತು.

ಮುಂಜಾನೆ ಮೂರೂವರೆಗೆ ಎದ್ದು ದುಡಿಯೋ ಹೆಣ್ಣನ್ನ ಸೋಮಾರಿ, ನಡತೆಗೆಟ್ಟವಳು ಅಂದ ಸರ್ಕಾರ ಅದು.

ಬೀದಿಯಲ್ಲೂ ಕೆಲಸ ನಡೆದಿತ್ತು. ಜಾನಿ ಟಿಲ್‌ಮನ್ ಅರ್ಕನ್ಸಾಸ್‌ನ ಗೇಣಿದಾರನ ಮಗಳು. ಬಟ್ಟೆ ಒಗೆಯೋ ಲಾಂಡ್ರಿಯಲ್ಲಿ ದುಡಿದವಳು, ಆರು ಮಕ್ಕಳ ತಾಯಿ. ಲಾಸ್ ಏಂಜಲೀಸ್‌ನ ವಾಟ್ಸ್ ಕೇರಿಯಲ್ಲಿ 1963ರಲ್ಲಿ ಸಹಾಯಧನದ ತಾಯಂದಿರನ್ನ ಒಟ್ಟು ಹಾಕಿದಳು. ಮುಂದೆ ಇಂಥ ಗುಂಪುಗಳೆಲ್ಲ ಸೇರಿ ರಾಷ್ಟ್ರೀಯ ಕಲ್ಯಾಣ ಹಕ್ಕುಗಳ ಸಂಘಟನೆಯಾಯಿತು. 1972ರಲ್ಲಿ ಆಕೆ ಬರೆದಳು: ಈ ಸಹಾಯಧನ ಅಂದರೆ ಒಬ್ಬ ಗಂಡನ್ನ ಬಿಟ್ಟು ಸರ್ಕಾರ ಅನ್ನೋ ಗಂಡನ್ನ ಕಟ್ಟಿಕೊಂಡ ಹಾಗೆ. ನಮ್ಮಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದ್ದೂ ಅದೇ ವರ್ಷ. ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ ಹುಡುಗರಿಂದ ನಾವು ಹೆಸರು ತಂದೆವು, ಸಿಟ್ಟು ತಂದೆವು. ಅವರು 1969ರಿಂದ ಮಕ್ಕಳಿಗೆ ಬೆಳಗಿನ ತಿಂಡಿ ಹಾಕುತ್ತಿದ್ದರು. ಅದನ್ನ ಮಾತ್ರ ನಾವು ಅಷ್ಟಾಗಿ ನೆನೆಯಲಿಲ್ಲ.

1976ರಲ್ಲಿ ರೇಗನ್ ಊರೂರಿಗೆ ಹೋಗಿ, ಸಹಾಯಧನ ನುಂಗೋ ಒಬ್ಬ ಹೆಂಗಸಿನ ಕತೆ ಹೇಳಿ ಓಟು ಕೇಳಿದ. 'ವೆಲ್‌ಫೇರ್ ಕ್ವೀನ್' ಅನ್ನೋ ಬೈಗುಳ ಬೆಳೆದದ್ದು ಹಾಗೆ. 1996ರಲ್ಲಿ ಕ್ಲಿಂಟನ್ 1935ರ ಆ ಸಹಾಯವನ್ನೇ ರದ್ದು ಮಾಡಿದ. ಅದರ ಜಾಗಕ್ಕೆ ಬಂದದ್ದರಲ್ಲಿ ಕೆಲಸದ ಷರತ್ತು, ಐದು ವರ್ಷದ ಗಡುವು. ಮರುವರ್ಷ, 1997ರಲ್ಲಿ, ಮಗುವಿಗೆ 500 ಡಾಲರ್ ತೆರಿಗೆ ರಿಯಾಯಿತಿ ಬಂತು. ಅದು ಮುಖ್ಯವಾಗಿ ತೆರಿಗೆ ಕಟ್ಟುವಷ್ಟು ದುಡಿಮೆ ಇದ್ದವರಿಗೆ. ಉಳ್ಳವರಿಗೆ ಕೊಟ್ಟರೆ ರಿಯಾಯಿತಿ, ಇಲ್ಲದವರಿಗೆ ಕೊಟ್ಟರೆ ಸೋಮಾರಿತನ! ಆ ಮೊತ್ತ ಮುಂದೆ 2,000 ಡಾಲರಿಗೆ ಏರಿದಾಗಲೂ ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪೂರ್ತಿ ದಕ್ಕಲಿಲ್ಲ. ಅವರಪ್ಪ ಅಮ್ಮ ದುಡಿಯೋದು ಸಾಲದು ಅನ್ನೋದೇ ಕಾರಣ.

ಅಮೆರಿಕವನ್ನ ಬೈದು ಸುಮ್ಮನಾಗೋಣ ಅಂದರೆ ಅದೂ ಆಗದು. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯಿದೆ ಬಸುರಿ ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಅಂದಿತು. 2017ರ ಯೋಜನೆ ಮೊದಲ ಮಗುವಿಗೆ ಮಾತ್ರ 5,000 ಅಂದಿತು. ಎರಡನೆಯ ಹೆರಿಗೆಯಲ್ಲಿ ನಮ್ಮವ್ವಂದಿರಿಗೆ ಹಸಿವು ಕಡಿಮೆ ಇರುತ್ತೇನೋ.

ಆ ಜರಡಿಯನ್ನ ಒಮ್ಮೆ, ಒಂದೇ ಒಂದು ವರ್ಷ, ಪಕ್ಕಕ್ಕೆ ಇಟ್ಟರು. ಕೊರೊನಾ ಕಾಲದಲ್ಲಿ, 2021ರಲ್ಲಿ, ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600, ದೊಡ್ಡ ಮಕ್ಕಳಿಗೆ 3,000 ಡಾಲರು ಅಂತಾಯಿತು. ದುಡಿಮೆ ಸೊನ್ನೆ ಇದ್ದರೂ ಪೂರ್ತಿ ಹಣ. ಜುಲೈಯಿಂದ ಡಿಸೆಂಬರಿನವರೆಗೆ ಅದರ ಅರ್ಧ ತಿಂಗಳು ತಿಂಗಳಿಗೆ ಬಂತು. ಅಪ್ಪ ಯಾರು ಅಂತ ಯಾರೂ ಮಂಚದ ಕೆಳಗೆ ಹುಡುಕಲಿಲ್ಲ. ಜನ ಅದನ್ನ ಊಟ, ಬಟ್ಟೆ, ಬಾಡಿಗೆ, ಸ್ಕೂಲಿನ ಖರ್ಚಿಗೆ ಬಳಸಿದರು ಅಂತ ಸರ್ಕಾರದ ಸಮೀಕ್ಷೆಯೇ ಹೇಳಿತು. ಇದನ್ನ ಓದಿ ಹೇಳಿದಾಗ ಅವ್ವ ಅಂದದ್ದು: 'ಮತ್ತಿನ್ಯಾತಕ್ಕೆ ಬಳಸ್ತಾರೆ, ಇದಕ್ಕೂ ಒಂದ್ ಸರ್ವೆ ಬೇಕಾ?'

2020ರಲ್ಲಿ ನೂರಕ್ಕೆ 9.7 ಇದ್ದ ಮಕ್ಕಳ ಬಡತನ 2021ರಲ್ಲಿ 5.2ಕ್ಕೆ ಇಳಿಯಿತು. ಆ ಲೆಕ್ಕ ಇಡಲು ಶುರುವಾದಂದಿನಿಂದ ಅಷ್ಟು ಕೆಳಗೆ ಇಳಿದದ್ದೇ ಇಲ್ಲ. ಆ ವರ್ಷದ ಬೇರೆ ಪರಿಹಾರಗಳ ಪಾಲೂ ಅದರಲ್ಲಿದೆ, ನಿಜ. ಆದರೆ ನಿಲ್ಲಿಸಿದಾಗ ಏನಾಯಿತು ನೋಡಿ. ಸೆನೆಟ್ಟಿನಲ್ಲಿ ಆಳುವ ಪಕ್ಷಕ್ಕೆ ಒಂದು ಓಟೂ ಕಳೆಯುವಂತಿರಲಿಲ್ಲ. ವೆಸ್ಟ್ ವರ್ಜೀನಿಯಾದ ಜೋ ಮ್ಯಾಂಚಿನ್, ತಾಯ್ತಂದೆಯರಿಗೆ ಕೆಲಸದ ಷರತ್ತು ಬೇಕು ಅನ್ನುತ್ತಿದ್ದವನು, ಡಿಸೆಂಬರಿನಲ್ಲಿ ಒಲ್ಲೆ ಅಂದ. ಜನವರಿ 2022ರಲ್ಲಿ ಹಣ ಬರಲಿಲ್ಲ. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದವರು ತಿಂಗಳ ಲೆಕ್ಕ ಹಾಕಿದರು: ಡಿಸೆಂಬರಿಗಿಂತ 37 ಲಕ್ಷ ಹೆಚ್ಚು ಮಕ್ಕಳು ಬಡತನದಲ್ಲಿದ್ದರು. 2022ರ ವರ್ಷದ ಲೆಕ್ಕ ಬಂದಾಗ 5.2 ಅನ್ನೋದು 12.4 ಆಗಿತ್ತು.

2025ರಲ್ಲಿ ಹೊಸ ಕಾಯಿದೆ ಆ ಮೊತ್ತವನ್ನ 2,200 ಡಾಲರಿಗೆ ಏರಿಸಿತು. ದುಡಿಮೆಯ ಷರತ್ತು ಹಾಗೇ ಉಳಿಯಿತು. ವರ್ಷಕ್ಕೆ 2,500 ಡಾಲರಿನೊಳಗೆ ದುಡಿಯೋ ತಾಯಿಯ ಮಗುವಿಗೆ ಅದರಲ್ಲಿ ಬರೋದು ಸೊನ್ನೆ.