ಶಿವಶಕ್ತಿಯ ಗಂಧಕ: ಒಂದು ಮರುಪರಿಶೀಲನೆ

ಚಂದ್ರನಲ್ಲಿ ಗಂಧಕ ಮೊದಲ ಬಾರಿಗೆ ಸಿಕ್ಕಿದ್ದೇ 2023ರ ಆಗಸ್ಟ್‌ನಲ್ಲಿ ಎಂಬ ಮಾತು ಕನ್ನಡದ ವಿಜ್ಞಾನ ಬರಹಗಳಲ್ಲಿ ಬೇರೂರಿಬಿಟ್ಟಿದೆ. ಅದು ತಪ್ಪು. ಅಪೊಲೊ ಯಾನಿಗಳು ತಂದ ಮಣ್ಣಿನಲ್ಲಿ ಗಂಧಕವನ್ನು ಅರ್ಧ ಶತಮಾನದ ಹಿಂದೆಯೇ ಅಳೆದಿದ್ದರು. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನ ಲಿಬ್ಸ್ ಉಪಕರಣದ ಸಾಧನೆ ಬೇರೆಯೇ: ದಕ್ಷಿಣ ಧ್ರುವದತ್ತಣ ನೆಲದಲ್ಲಿ, ನೌಕೆ ಇಳಿದ ಶಿವಶಕ್ತಿ ತಾಣದ ಬಳಿ, ಸ್ಥಳದಲ್ಲೇ ನಿಂತು, ಅದು ಗಂಧಕವನ್ನು ಗುರುತಿಸಿತು. ಲೇಸರ್ ತಗುಲಿ ಆವಿಯಾದ ಮಣ್ಣಿನ ಬೆಳಕಿನಲ್ಲಿ ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳ ನಡುವೆ ಗಂಧಕದ ಗೆರೆಯೂ ಕಂಡಿತು. ಈ ಉಪಕರಣ ರೂಪುಗೊಂಡದ್ದು ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ.

ಈ ಗಂಧಕ ಚಂದ್ರನ ಸ್ವಂತದ್ದೋ, ಜ್ವಾಲಾಮುಖಿಯದೋ, ಉಲ್ಕೆಗಳು ತಂದದ್ದೋ ಎಂದು ಇಸ್ರೋ ಆಗಲೇ ಕೇಳಿತ್ತು. ಆಮೇಲೆ ಬರೆದವರು ಸುದ್ದಿಯನ್ನು ಉಳಿಸಿಕೊಂಡು ಪ್ರಶ್ನೆಯನ್ನು ಕೈಬಿಟ್ಟರು. ನನ್ನ ತಕರಾರು ಇರುವುದು ಇಲ್ಲಿಯೇ.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ರಿಷಿತೋಷ್ ಸಿನ್ಹಾ ಮತ್ತು ಸಂಗಡಿಗರು 2025ರಲ್ಲಿ ರೋವರ್‌ನ ಇನ್ನೊಂದು ಉಪಕರಣವಾದ ಎಪಿಎಕ್ಸ್‌ಎಸ್‌ನ ಅಳತೆಗಳನ್ನು ಮುಂದಿಟ್ಟರು. ಶಿವಶಕ್ತಿಯ ಮಣ್ಣಿನಲ್ಲಿ ಗಂಧಕ ದಶಲಕ್ಷಕ್ಕೆ 900–1400 ಪಾಲು. ಅಪೊಲೊ-16 ಮತ್ತು ಲೂನಾ-20ರ ಮಣ್ಣಿಗಿಂತ 300–500 ಪಾಲು ಹೆಚ್ಚು. ಸೋಡಿಯಂ, ಪೊಟ್ಯಾಸಿಯಂ ಮಾತ್ರ ಕಡಿಮೆ. ದಕ್ಷಿಣ ಧ್ರುವ–ಐಟ್ಕೆನ್ ಮಹಾಕುಳಿ ಉಂಟಾದಾಗ ಚಂದ್ರನ ಒಳಪದರದ ಆದಿಮ ವಸ್ತು ಮೇಲೆ ಬಂದು ಇಲ್ಲಿ ಬೆರೆತಿದೆ ಎಂಬುದು ಅವರ ವಾದ.

ವಾದ ಗಟ್ಟಿಯಾಗಿದೆ, ಆದರೆ ಅದರ ಭಾರವನ್ನು ಗಂಧಕವೊಂದೇ ಹೊರಲಾರದು. ಗಂಧಕವನ್ನು ಉಲ್ಕೆಗಳೂ ತಂದಿರಬಹುದು. ಹಯಬುಸಾ-2 ನೌಕೆ 2020ರಲ್ಲಿ ರ್ಯೂಗು ಕ್ಷುದ್ರಗ್ರಹದಿಂದ ತಂದ 5.4 ಗ್ರಾಂ ಮಾದರಿ ಸಿಐ ಬಗೆಯ ಉಲ್ಕಾಶಿಲೆಗಳನ್ನೇ ಹೋಲುತ್ತದೆ. ಸೌರಮಂಡಲ ಹುಟ್ಟಿದ ಕಾಲದ ಧಾತು ಪ್ರಮಾಣವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡ ವಸ್ತು ಅದು. ಅದರಲ್ಲಿ ಗಂಧಕ ಸುಮಾರು ಶೇ. 5, ಸೋಡಿಯಂ ಸುಮಾರು ಶೇ. 0.5. ಅಂಥ ವಸ್ತು ಶೇ. 1ರಷ್ಟು ಬೆರೆತರೆ ಗಂಧಕ ದಶಲಕ್ಷಕ್ಕೆ 500 ಪಾಲು ಏರುತ್ತದೆ, ಸೋಡಿಯಂ ಏರುವುದು ಬರೀ 50. ಹಾಗಾಗಿ ಸೋಡಿಯಂ ಕಡಿಮೆ ಇದೆ ಎಂಬ ಕಾರಣಕ್ಕೆ ಉಲ್ಕೆಯನ್ನು ತಳ್ಳಿಹಾಕಲು ಬರುವುದಿಲ್ಲ. ಅಪೊಲೊ ಮಣ್ಣಿನಲ್ಲೂ ಶೇ. 1–2ರಷ್ಟು ಉಲ್ಕಾವಸ್ತು ಇದೆಯೆಂದು ಎಡ್ವರ್ಡ್ ಆ್ಯಂಡರ್ಸ್ ತಂಡ 1970ರ ದಶಕದಲ್ಲೇ ಲೆಕ್ಕಹಾಕಿತ್ತು.

ಅಪೊಲೊ-16ರ ಮಣ್ಣಿನಲ್ಲೂ ಆ ಪಾಲು ಇರುವಾಗ ಇಲ್ಲಿ ಮಾತ್ರ ಗಂಧಕ ಹೆಚ್ಚೇಕೆ ಎಂದು ಎದುರಾಳಿ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಪ್ಪಳಿಸಿದ ಬಿಸಿಗೆ ಗಂಧಕ ಒಂದಿಷ್ಟು ಆವಿಯಾಗಿಯೂ ಹೋಗುತ್ತದೆ. ಆದ್ದರಿಂದ ಉಲ್ಕೆಯ ಪಕ್ಷವೂ ಸಲೀಸಾಗಿ ಗೆಲ್ಲುವುದಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು, 103 ಮೀಟರ್ ಹಾದಿಯ 23 ಅಳತೆಗಳಿಂದ ಮೂರರಲ್ಲಿ ಒಂದು ಸಾಧ್ಯತೆಯನ್ನು ಮುಗಿದ ಅಧ್ಯಾಯವೆಂದು ಬರೆಯುವ ಅವಸರವನ್ನು. ಸೋಡಿಯಂ–ಪೊಟ್ಯಾಸಿಯಂ ಕೊರತೆ ಸಿನ್ಹಾ ತಂಡದ ನಿಜವಾದ ಬಲ. ಗಂಧಕ ಅದಕ್ಕೆ ಬರೀ ಪೋಷಕ ಸಾಕ್ಷಿ.

ಈ ವಾದ ತೀರಬೇಕಾದರೆ ಇರಿಡಿಯಂನಂಥ ಧಾತುಗಳನ್ನೂ ಗಂಧಕದ ಐಸೊಟೋಪುಗಳನ್ನೂ ಅಳೆಯಬೇಕು. ಅದಕ್ಕೆ ಮಣ್ಣು ಪ್ರಯೋಗಾಲಯಕ್ಕೇ ಬರಬೇಕು. ಚಂದ್ರನ ಮಾದರಿ ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಂದಾಜು ವೆಚ್ಚ 2,104 ಕೋಟಿ ರೂಪಾಯಿ.