ಕುದಿವ ಎಣ್ಣೆ, ಬಳ್ಳಾರಿ ಬಿಸಿಲು ಮತ್ತು ಒಂದು ಟ್ರಾನ್ಸಿಸ್ಟರ್

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ನಮ್ಮ ಕಡೆ ತಮಾಷೆ ಮಾಡ್ತಾರೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಬರುವ ಅನಲಾಗ್ ಎಲೆಕ್ಟ್ರಾನಿಕ್ ಸರ್ಕ್ಯೂಟ್ಸ್ ಎಂಬ ವಿಷಯಕ್ಕೂ ಈ ಬಿಸಿಲಿಗೂ ಸಂಬಂಧ ಇದೆ. ಅದು ನನಗೆ ಗೊತ್ತಾಗಿದ್ದು ಪರೀಕ್ಷೆ ಎಲ್ಲ ಮುಗಿದು ಎಷ್ಟೋ ವರ್ಷದ ಮೇಲೆ.

ಮೊದಲು ಊರಿನ ಕಥೆ ಸ್ವಲ್ಪ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ. ಅಂದ್ರೆ ಇಲ್ಲಿನ ಹುಡುಗನಿಗೆ ತನ್ನದೇ ಸರ್ಕಾರದ ದೊಡ್ಡ ಎಂಜಿನಿಯರಿಂಗ್ ಕಾಲೇಜು ಅಂದರೆ ಮದ್ರಾಸಿನ ಗಿಂಡಿ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರುಮಾಡಿಸಿದ ಬೆಂಗಳೂರಿನ ಕಾಲೇಜು ಬೇರೆ ಸಂಸ್ಥಾನದ್ದು. ಆಮೇಲೆ ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಅಂತ ಹತ್ತಿರ ಹತ್ತಿರ ಬಂತು. ಬಳ್ಳಾರಿಯಲ್ಲೇ ಕಾಲೇಜು ಆಗಿದ್ದು 1980ರಲ್ಲಿ. ವೀರಶೈವ ವಿದ್ಯಾವರ್ಧಕ ಸಂಘ ತೆರೆದ ವಿಜಯನಗರ ಎಂಜಿನಿಯರಿಂಗ್ ಕಾಲೇಜು ಅದು. ಈಗ ಅದಕ್ಕೆ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರಿದೆ. 1997ರಲ್ಲಿ ಬಿಐಟಿಎಂ ಬಂತು, ಮರುವರ್ಷ ವಿಟಿಯು.

ಒಂದು ಲೆಕ್ಕ ಹಾಕಿ ನೋಡಿ. ಬೆಲ್ ಲ್ಯಾಬ್ಸ್‌ನಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿದ್ದು 1947ರ ಡಿಸೆಂಬರ್‌ನಲ್ಲಿ. 741 ಅನ್ನೋ ಆಪ್-ಆ್ಯಂಪ್ ಚಿಪ್ ಬಂದದ್ದು 1968ರಲ್ಲಿ. ಬಳ್ಳಾರಿಯಲ್ಲಿ ಕಾಲೇಜು ತೆರೆದಾಗ 741ಗೆ ಬರೀ 12 ವರ್ಷ! ನಾವು ಹಳೇ ಶಾಸ್ತ್ರ ಅಂತ ಉರು ಹೊಡೆದದ್ದು ನಿಜಕ್ಕೂ ನಮ್ಮ ಅಪ್ಪಂದಿರಿಗಿಂತ ಚಿಕ್ಕದು.

ನಾನು ಸಿರುಗುಪ್ಪದವನು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಕುರುಗೋಡಿನವನು. ಇಬ್ಬರೂ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಲ್ಯಾಬ್‌ನಲ್ಲಿ ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಪ್ರಯೋಗ: ಬ್ರೆಡ್‌ಬೋರ್ಡ್ ಮೇಲೆ ಎಸ್‌ಎಲ್ 100 ಟ್ರಾನ್ಸಿಸ್ಟರ್, ಬೇಸ್‌ಗೆ ಎರಡು ರೆಸಿಸ್ಟರ್, ಕಲೆಕ್ಟರ್‌ಗೆ ಒಂದು, ಎಮಿಟರ್‌ಗೆ ಒಂದು. ಸಿಆರ್‌ಒ ಪರದೆ ನೋಡಿ ಗೇನ್ ಬರಕೊಳ್ಳೋದು, ಸೆಮಿಲಾಗ್ ಹಾಳೆ ಮೇಲೆ ಗ್ರಾಫ್ ಎಳೆಯೋದು. ಗ್ರಾಫ್ ಗುಡ್ಡದ ಥರ ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ. ನನ್ನ ಗೆಳೆಯ ಕೇಳಿದ: ‘ಆ ಎಮಿಟರ್ ರೆಸಿಸ್ಟರ್ ಯಾಕೆ? ಅದನ್ನ ತೆಗೆದರೂ ಸಿಗ್ನಲ್ ದೊಡ್ಡದಾಗುತ್ತಲ್ಲ?’ ‘ಫಾರ್ ಸ್ಟೆಬಿಲಿಟಿ’ ಅಂತ ಉತ್ತರ ಬಂತು. ಅವನು ಬರಕೊಂಡ. ನಾನೂ ಬರಕೊಂಡೆ.

ಅವನ ಪ್ರಶ್ನೆಗೆ ನಿಜವಾದ ಉತ್ತರ 1954ರ ಮೇ 10ರಂದು ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಸಿಗುತ್ತೆ. ಆಗ ಟ್ರಾನ್ಸಿಸ್ಟರ್‌ಗಳೆಲ್ಲ ಹೆಚ್ಚುಕಮ್ಮಿ ಜರ್ಮೇನಿಯಮ್‌ನವು. ಬಿಸಿ ಆದರೆ ಕೈಕೊಡುತ್ತಿದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಗಾರ್ಡನ್ ಟೀಲ್ ಒಂದು ಸಮ್ಮೇಳನದಲ್ಲಿ ಗ್ರಾಮಫೋನ್ ಹಚ್ಚಿ, ಅದರ ಆಂಪ್ಲಿಫೈಯರ್‌ನ ಜರ್ಮೇನಿಯಮ್ ಟ್ರಾನ್ಸಿಸ್ಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರು. ಹಾಡು ನಿಂತೇ ಹೋಯಿತು. ಆಮೇಲೆ ಸಿಲಿಕಾನ್ ಟ್ರಾನ್ಸಿಸ್ಟರ್ ಜೋಡಿಸಿ ಅದನ್ನೂ ಅದೇ ಎಣ್ಣೆಗೆ ಅದ್ದಿದರು. ಹಾಡು ನಿಲ್ಲಲಿಲ್ಲ.

ಆದರೆ ಸಿಲಿಕಾನ್‌ಗೂ ಬಿಸಿಲು ತಟ್ಟದೇ ಇಲ್ಲ. ಒಂದೊಂದು ಡಿಗ್ರಿ ಏರಿದಾಗಲೂ ಅದರ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಪುಸ್ತಕದ ಲೆಕ್ಕವೆಲ್ಲ 25 ಡಿಗ್ರಿಗೆ. ಬಳ್ಳಾರಿ ಮೇ ತಿಂಗಳು ಅಂದರೆ 42. ವ್ಯತ್ಯಾಸ 34 ಮಿಲಿವೋಲ್ಟ್. ಎಮಿಟರ್ ರೆಸಿಸ್ಟರ್ ಇಲ್ಲದೆ ಬೇಸ್ ವೋಲ್ಟೇಜನ್ನು ಗಟ್ಟಿಯಾಗಿ ಹಿಡಿದಿಟ್ಟರೆ, ಇಷ್ಟಕ್ಕೇ ಕರೆಂಟು ಮೂರು ಪಟ್ಟಿಗೂ ಹೆಚ್ಚಾಗುತ್ತೆ. ಆ ಕರೆಂಟು ಟ್ರಾನ್ಸಿಸ್ಟರನ್ನೇ ಇನ್ನೂ ಬಿಸಿ ಮಾಡುತ್ತೆ, ಬಿಸಿಯಾದಷ್ಟೂ ಕರೆಂಟು ಏರುತ್ತೆ. ಎಮಿಟರ್‌ನಲ್ಲಿ ಒಂದು ರೆಸಿಸ್ಟರ್ ಇಟ್ಟು ಅದರ ಮೇಲೆ 1 ವೋಲ್ಟ್ ಬೀಳುವ ಹಾಗೆ ಮಾಡಿ ನೋಡಿ, ಅದೇ ಬಿಸಿಲಿಗೆ ಏರಿಕೆ ಬರೀ ಶೇಕಡ 3-4. ಕರೆಂಟು ಏರಲು ಹೊರಟರೆ ರೆಸಿಸ್ಟರ್ ಮೇಲಿನ ವೋಲ್ಟೇಜೂ ಏರಿ, ಬೇಸ್‌ನ ಜೋರು ತಾನಾಗಿ ಕಡಿಮೆಯಾಗುತ್ತೆ.

ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಅಂತಾರೆ. ಇದನ್ನು ಆಂಪ್ಲಿಫೈಯರ್‌ಗೆ ತಂದವರು ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರ ಬೆಳಿಗ್ಗೆ, 29ರ ಈ ಎಂಜಿನಿಯರ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ತಟ್ಟನೆ ಹೊಳೆದು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪೇಪರ್ ಮೇಲೆಯೇ ಸಮೀಕರಣ ಗೀಚಿದರು. ಕಷ್ಟಪಟ್ಟು ದೊಡ್ಡದು ಮಾಡಿದ ಸಿಗ್ನಲ್ಲನ್ನು ಬೇಕಂತಲೇ ಕಡಿಮೆ ಮಾಡೋದಾ? ಪೇಟೆಂಟ್ ಕಚೇರಿಯವರೇ ನಂಬಲಿಲ್ಲ. 1928ರಲ್ಲಿ ಹಾಕಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಫೀಡ್‌ಬ್ಯಾಕ್‌ಗೂ ಒಂದು ಕಾಯಿಲೆ ಇದೆ: ತಡ. ಇದನ್ನು ನನಗೆ ಅರ್ಥ ಮಾಡಿಸಿದ್ದು ಪುಸ್ತಕ ಅಲ್ಲ, ನಮ್ಮಪ್ಪ. ನಮ್ಮ ಗದ್ದೆಗೆ ತುಂಗಭದ್ರಾ ಕಾಲುವೆ ನೀರು. ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ಸಿಟ್ಟಾಗಿದ್ದರು. ‘ನೀರಿಲ್ಲ ಅಂತ ಗಲಾಟೆ ಮಾಡಿದ ಮೇಲೆ ಮೇಲುಗಡೆ ಗೇಟ್ ಎತ್ತುತಾರಪ್ಪ. ಅದು ಇಲ್ಲಿಗೆ ಬರೋದ್ರೊಳಗೆ ಮಳೆ ಬಂದಿರುತ್ತೆ, ಗದ್ದೆ ತುಂಬಿ ಒಡ್ಡು ಒಡೀತದೆ. ಸಾಕು ಅಂದ್ರೆ ಪೂರ್ತಿ ಮುಚ್ತಾರೆ. ಮತ್ತೆ ಒಣಗೋದೇ.’ ಆಂಪ್ಲಿಫೈಯರ್ ಆಸಿಲೇಟರ್ ಆಗೋದು ಹೀಗೇನೆ! ತಿದ್ದುವ ಸಿಗ್ನಲ್ ತಡವಾಗಿ ಬಂದರೆ, ಇಳಿಸಬೇಕಾದಾಗ ಏರಿಸುತ್ತೆ. ಎಷ್ಟು ತಡವಾದರೆ ಕೆಡುತ್ತೆ ಅನ್ನೋ ಲೆಕ್ಕವನ್ನು ನೈಕ್ವಿಸ್ಟ್ 1932ರಲ್ಲಿ ಕೊಟ್ಟರು. ಆ ಹೆಸರಿನ ಪ್ಲಾಟ್ ಎಳೆದು ನಾನು ಮಾರ್ಕ್ಸ್ ತಗೊಂಡಿದ್ದೆ. ಆದರೂ ಅಪ್ಪನ ಮಾತು ಕೇಳೋವರೆಗೆ ಅದು ಏನಂತ ತಿಳಿದಿರಲಿಲ್ಲ.

ಕುರುಗೋಡಿನ ಗೆಳೆಯ ಆ ವಿಷಯದಲ್ಲಿ ಎರಡು ಸಲ ಫೇಲಾದ, ಮೂರನೇ ಸಲ ಕಟ್ಟಲಿಲ್ಲ. ಕಾಲೇಜು ಬಿಟ್ಟ. ದಡ್ಡ ಅಂತ ನಾವೆಲ್ಲ ಅಂದುಕೊಂಡೆವು, ನಾನೂ ಸೇರಿ. ಇವತ್ತು ಅನಿಸೋದೇ ಬೇರೆ. ನಾವು ಉರು ಹೊಡೆದು ಪಾಸಾದೆವು, ಅವನು ಅರ್ಥ ಆಗದ್ದನ್ನು ಬರೆಯಲಾರದೆ ಹೋದ. 2013ರಿಂದ 371(ಜೆ) ಪ್ರಕಾರ ನಮ್ಮ ಭಾಗದ ಮಕ್ಕಳಿಗೆ ಸೀಟಿನಲ್ಲಿ ಮೀಸಲಾತಿ ಇದೆ. 2021ರಲ್ಲಿ ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಲು ಎಐಸಿಟಿಇ ದಾರಿ ಬಿಟ್ಟಿತು. ಎರಡೂ ಅವನ ಪಾಲಿಗೆ ತೀರಾ ತಡ.

ಈಚೆಗೆ ಕುರುಗೋಡಿನಲ್ಲಿ, ದೊಡ್ಡಬಸವೇಶ್ವರನ ಗುಡಿಗೆ ಹೋದಾಗ ಅವನು ಸಿಕ್ಕ. ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತೆವು. ಎದುರಿಗೆ ಬಾಣಲೆ ಕುದಿಯುತ್ತಿತ್ತು. ಡೇಟನ್‌ನ ಎಣ್ಣೆ ಕಥೆ ಹೇಳಿದೆ, 34 ಮಿಲಿವೋಲ್ಟ್ ಲೆಕ್ಕವನ್ನು ಪೇಪರ್ ತಟ್ಟೆ ಹಿಂದೆ ಬರೆದು ತೋರಿಸಿದೆ. ಎರಡು ನಿಮಿಷ ನೋಡಿದ. ‘ಇಷ್ಟೇನಾ?’ ಅಂದ. ಆಮೇಲೆ, ‘ಇದನ್ನ ಆಗ್ಲೇ ಯಾಕೆ ಹೇಳಲಿಲ್ಲಲೇ ನೀನು?’

ಆಗ ನನಗೂ ಗೊತ್ತಿರಲಿಲ್ಲ ಅಂದೆ.